ರಕ್ತಕ್ಕೆ ಸೋರಿದ ಸ್ನಾಯು



ಈ ಉಪನ್ಯಾಸವನ್ನು ಏರ್ಪಡಿಸುವ ದತ್ತಿಯ ನಿಬಂಧನೆಯಲ್ಲಿ ಎರಡು ಷರತ್ತುಗಳಿವೆ. ಉಪನ್ಯಾಸ ಕನ್ನಡದಲ್ಲಿರಬೇಕು, ವೈದ್ಯರಲ್ಲದವರಿಗೂ ಅರ್ಥವಾಗಬೇಕು. ಮೊದಲನೆಯದು ಸುಲಭ. ಎರಡನೆಯದನ್ನು ನಾನು ಎಷ್ಟರಮಟ್ಟಿಗೆ ಪಾಲಿಸಿದೆ ಎಂಬುದನ್ನು ಕೊನೆಯ ಸಾಲಿನಲ್ಲಿ ಕೂತವರು ಹೇಳಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡರು. ಅದಾದ ಮೇಲೆ ಹೃದ್ರೋಗ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. 2025ರ ಜೂನ್‌, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ದಿನಬೆಳಗಾದರೆ ಟಿವಿಯಲ್ಲಿ ಬರತೊಡಗಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಮತ್ತೆ ಅದೇ ಸಾಲು. ಆ ದಿನಗಳಲ್ಲಿ ನನಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: ‘ಸಾರ್, ಟ್ರೋಪೋನಿನ್ ಮಾಡಿಸಿದೆ, ನೆಗೆಟಿವ್ ಬಂತು. ಇನ್ನು ನಿಶ್ಚಿಂತೆ ತಾನೆ?’

ಅಲ್ಲ. ಎದೆನೋವಿಲ್ಲದ ದಿನ ಮಾಡಿಸಿದ ಟ್ರೋಪೋನಿನ್ ಪರೀಕ್ಷೆ ಹೇಳುವುದು ಇಷ್ಟೇ: ಕಳೆದ ಕೆಲವು ದಿನಗಳಲ್ಲಿ ನಿಮ್ಮ ಹೃದಯದ ಸ್ನಾಯುವಿಗೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ನಾಳ ಮುಕ್ಕಾಲುಪಾಲು ಕಟ್ಟಿಕೊಂಡಿದ್ದರೂ ಅದರ ಕೆಳಗಿನ ಸ್ನಾಯು ಹೇಗೋ ಬದುಕಿಕೊಂಡಿದ್ದರೆ ಈ ಪರೀಕ್ಷೆ ಸುಮ್ಮನಿರುತ್ತದೆ. ಪೆಟ್ಟು ಬಿದ್ದಾಗ ಇಷ್ಟು ನಿಖರವಾಗಿ ಹೇಳುವ ಪರೀಕ್ಷೆ ವೈದ್ಯಶಾಸ್ತ್ರದಲ್ಲಿ ಕಡಿಮೆ. ಆದರೆ ಪೆಟ್ಟು ಯಾಕೆ ಬಿತ್ತು, ನಾಳೆ ಬೀಳುತ್ತದೆಯೋ ಇಲ್ಲವೋ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಪರೀಕ್ಷೆ ಸೂಕ್ಷ್ಮವಾದಷ್ಟೂ ಅದರ ಅಂಕಿಯನ್ನು ಓದುವವರ ಹೊಣೆ ಹೆಚ್ಚುತ್ತ ಹೋಗಿದೆ ಎಂಬುದೇ ಇಂದಿನ ನನ್ನ ವಾದ.

ಮೊದಲು ಸ್ನಾಯುವಿನ ಒಳಗೆ ಹೋಗೋಣ. ಸ್ನಾಯುಕೋಶದಲ್ಲಿ ಎರಡು ಬಗೆಯ ಎಳೆಗಳಿವೆ. ದಪ್ಪನೆಯದು ಮಯೋಸಿನ್, ತೆಳ್ಳನೆಯದು ಆಕ್ಟಿನ್. ಒಂದರ ಮೇಲೊಂದು ಜಾರಿದಾಗ ಸ್ನಾಯು ಕುಗ್ಗುತ್ತದೆ, ಹೃದಯ ಬಡಿಯುತ್ತದೆ. ಜಾರುವುದಕ್ಕೆ ಅಪ್ಪಣೆ ಕೊಡುವವರು ಯಾರು? ಕ್ಯಾಲ್ಸಿಯಂ ಎಂದು ಜಪಾನಿನ ಸೆತ್ಸುರೋ ಎಬಾಶಿ 1950ರ ದಶಕದ ಕೊನೆಯಿಂದಲೇ ವಾದಿಸುತ್ತಿದ್ದರು. ಅಷ್ಟು ಸರಳವಾದ ಒಂದು ಲೋಹದ ಅಯಾನು ಇಷ್ಟು ದೊಡ್ಡ ಕೆಲಸ ನಡೆಸುತ್ತದೆ ಎಂಬುದನ್ನು ದೊಡ್ಡ ದೊಡ್ಡ ಜೀವರಸಾಯನ ವಿಜ್ಞಾನಿಗಳೂ ನಂಬಲಿಲ್ಲ. ಅವರ ಅಪನಂಬಿಕೆಗೆ ಕಾರಣವೂ ಇತ್ತು. ಪ್ರಯೋಗಾಲಯದಲ್ಲಿ ಚೆನ್ನಾಗಿ ಶುದ್ಧೀಕರಿಸಿದ ಆಕ್ಟಿನ್ ಮತ್ತು ಮಯೋಸಿನ್ ಬೆರೆಸಿದರೆ ಕ್ಯಾಲ್ಸಿಯಂ ಇರಲಿ ಬಿಡಲಿ ಅವು ತಮ್ಮಷ್ಟಕ್ಕೆ ಕುಗ್ಗುತ್ತಿದ್ದವು. ಸ್ನಾಯುವನ್ನು ಅರೆದು ಒರಟಾಗಿ ತೆಗೆದ ಮಿಶ್ರಣ ಮಾತ್ರ ಕ್ಯಾಲ್ಸಿಯಂ ಮಾತು ಕೇಳುತ್ತಿತ್ತು.

ಎಬಾಶಿಯ ಪ್ರತಿಭೆ ಇಲ್ಲಿದೆ. ಶುದ್ಧವಾದದ್ದು ಮಾತು ಕೇಳುವುದಿಲ್ಲ, ಅಶುದ್ಧವಾದದ್ದು ಕೇಳುತ್ತದೆ ಎಂದರೆ ಶುದ್ಧಿ ಮಾಡುವ ಭರದಲ್ಲಿ ನಾವೇ ಏನನ್ನೋ ತೊಳೆದುಹಾಕಿದ್ದೇವೆ ಎಂದು ಅವರು ತರ್ಕಿಸಿದರು. 1963ರಲ್ಲಿ ಆ ಕಳೆದುಹೋದ ಅಂಶವನ್ನು ಹಿಡಿದರು. ಅದು ಕೆನೆತ್ ಬೈಲಿ 1946ರಲ್ಲಿ ಕಂಡುಹಿಡಿದಿದ್ದ ಟ್ರೋಪೋಮಯೋಸಿನ್‌ನಂತೆ ಕಾಣುತ್ತಿತ್ತು, ಆದರೆ ಅದರ ಜೊತೆ ಇನ್ನೇನೋ ಇತ್ತು. 1965ರಲ್ಲಿ ಅಯಾಕೊ ಕೊಡಾಮಾ ಜೊತೆಗೂಡಿ ಅದನ್ನು ಬೇರ್ಪಡಿಸಿದರು, ಅದೇ ಟ್ರೋಪೋನಿನ್. 1970ರ ದಶಕದ ಆರಂಭದಲ್ಲಿ ಮೇರಿಯನ್ ಗ್ರೀಸರ್ ಮತ್ತು ಜಾನ್ ಗರ್ಗೇಯಿ ಅದು ಒಂದಲ್ಲ, ಮೂರು ಪ್ರೋಟೀನುಗಳ ಕೂಟ ಎಂದು ತೋರಿಸಿದರು. ಕ್ಯಾಲ್ಸಿಯಂ ಹಿಡಿಯುವುದು ಟ್ರೋಪೋನಿನ್ ಸಿ, ಕುಗ್ಗುವಿಕೆಯನ್ನು ತಡೆದಿಡುವುದು ಟ್ರೋಪೋನಿನ್ ಐ, ಇಡೀ ಕೂಟವನ್ನು ಎಳೆಗೆ ಕಟ್ಟಿಹಾಕುವುದು ಟ್ರೋಪೋನಿನ್ ಟಿ. ನಾವು ಕೂತಿರುವ ಈ ಕ್ಷಣದಲ್ಲೂ ಪ್ರತಿ ಬಡಿತಕ್ಕೊಮ್ಮೆ ಸಿ ಕ್ಯಾಲ್ಸಿಯಂ ಹಿಡಿಯುತ್ತದೆ, ಐ ಸರಿದು ದಾರಿ ಬಿಡುತ್ತದೆ, ಮರುಕ್ಷಣ ಮತ್ತೆ ಅಡ್ಡ ನಿಲ್ಲುತ್ತದೆ. ಈ ಇಡೀ ಸಂಶೋಧನೆಯಲ್ಲಿ ತೊಡಗಿದ್ದ ಯಾರಿಗೂ ಹೃದ್ರೋಗದ ಚಿಂತೆಯಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇವತ್ತು ‘ಉಪಯೋಗವೇನು’ ಎಂಬ ಅಂಕಣ ತುಂಬದಿದ್ದರೆ ಯೋಜನೆಗೆ ದುಡ್ಡು ಸಿಗುವುದಿಲ್ಲ. ಎಬಾಶಿ ಆ ಅಂಕಣದಲ್ಲಿ ಏನು ಬರೆಯುತ್ತಿದ್ದರೋ!

ಈ ಪ್ರೋಟೀನುಗಳು ರಕ್ತಕ್ಕೆ ಬರುವುದು ಹೇಗೆ? ಆರೋಗ್ಯವಂತ ಕೋಶದ ಪೊರೆ ಇವನ್ನು ಅಷ್ಟಾಗಿ ಹೊರಗೆ ಬಿಡುವುದಿಲ್ಲ. ರಕ್ತ ಸಿಗದೆ ಕೋಶ ಸಾಯತೊಡಗಿದಾಗ ಪೊರೆ ಹರಿಯುತ್ತದೆ. ಹಳ್ಳಿಯ ಮಣ್ಣಿನ ಮನೆಗೆ ಹೊಳೆ ನುಗ್ಗಿದ್ದನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಮೊದಲು ತೇಲಿಹೋಗುವುದು ನೆಲದ ಮೇಲಿದ್ದ ಚೊಂಬು, ಬುಟ್ಟಿ, ಮೊರ. ಗೋಡೆಯ ಮಣ್ಣು ಕರಗಿ ಹರಿಯುವುದು ಆಮೇಲೆ, ಆದರೆ ಅದು ದಿನಗಟ್ಟಲೆ ಹರಿಯುತ್ತದೆ. ಕೋಶದೊಳಗಿನ ದ್ರವದಲ್ಲಿ ಸಡಿಲವಾಗಿ ತೇಲುವ ಮಯೋಗ್ಲೋಬಿನ್, ಕೊಬ್ಬಿನಾಮ್ಲ ಹೊರುವ ಪುಟ್ಟ ಪ್ರೋಟೀನು, ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಇವೆಲ್ಲ ಚೊಂಬು ಬುಟ್ಟಿಗಳು. ಟ್ರೋಪೋನಿನ್ ಗೋಡೆಯ ಮಣ್ಣು. ಅದರ ಹೆಚ್ಚಿನ ಪಾಲು ಎಳೆಗೆ ಕಟ್ಟಿಕೊಂಡಿರುತ್ತದೆ, ಶೇ. 10ಕ್ಕಿಂತ ಕಡಿಮೆ ಪಾಲು ಮಾತ್ರ ಸಡಿಲವಾಗಿರುತ್ತದೆ. ಆ ಸಡಿಲ ಪಾಲು ಬೇಗ ಬರುತ್ತದೆ, ಉಳಿದದ್ದು ವಾರದವರೆಗೆ, ಕೆಲವೊಮ್ಮೆ ಎರಡು ವಾರದವರೆಗೆ ಸೋರುತ್ತಲೇ ಇರುತ್ತದೆ. ಆದ್ದರಿಂದಲೇ ಭಾನುವಾರ ಎದೆನೋವು ಬಂದು, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ, ಗುರುವಾರ ಆಸ್ಪತ್ರೆಗೆ ಬಂದವರಲ್ಲೂ ಅದು ಸಿಕ್ಕಿಬೀಳುತ್ತದೆ.

ರಕ್ತದಲ್ಲಿ ಹೃದಯದ ಗಾಯವನ್ನು ಮೊದಲು ಹುಡುಕಿದ್ದು 1954ರಲ್ಲಿ, ನ್ಯೂಯಾರ್ಕಿನಲ್ಲಿ. ಲಾಡ್ಯೂ, ರೋಬ್ಲೆವ್‌ಸ್ಕಿ ಮತ್ತು ಆರ್ಥರ್ ಕಾರ್ಮೆನ್ ಎಂಬ ಮೂವರು ಹೃದಯಾಘಾತವಾದವರ ರಕ್ತದಲ್ಲಿ ಒಂದು ಕಿಣ್ವ ಏರುತ್ತದೆ ಎಂದು ವರದಿ ಮಾಡಿದರು. ಆ ಕಿಣ್ವದ ಹೆಸರು ಇಲ್ಲಿರುವ ಎಲ್ಲರಿಗೂ ಗೊತ್ತು, ಆದರೆ ಬೇರೆ ಲೆಕ್ಕದಲ್ಲಿ: ಎಸ್‌ಜಿಒಟಿ. ಇವತ್ತು ಅದು ಲಿವರ್ ಟೆಸ್ಟಿನ ಹಾಳೆಯಲ್ಲಿ ಕೂತಿದೆ. ಹೃದಯದ ಕುರುಹಾಗಿ ಹುಟ್ಟಿ ಯಕೃತ್ತಿನ ಕುರುಹಾಗಿ ಸಂಸಾರ ಹೂಡಿತು. ಅದು ಹೃದಯದ ಕೆಲಸ ಕಳೆದುಕೊಂಡಿದ್ದೂ ಅದೇ ಕಾರಣಕ್ಕೆ: ಎರಡೂ ಕಡೆ ಇರುವುದು ಯಾವ ಕಡೆಯಿಂದ ಬಂತು ಎಂದು ಹೇಳಲಾಗದು. ಆಮೇಲೆ ಎಲ್‌ಡಿಎಚ್ ಎಂಬ ಇನ್ನೊಂದು ಕಿಣ್ವ ಬಂತು, ಅದರದೂ ಅದೇ ಪಾಡು.

ಕ್ರಿಯಾಟಿನ್ ಕೈನೇಸ್ ಕಾಲದ ಒಂದು ಪೇಚು ನಮ್ಮ ಹಳ್ಳಿಗಾಡಿಗೆ ಚೆನ್ನಾಗಿ ಹೊಂದುವಂಥದ್ದು. ಎದೆನೋವು ಎಂದು ಬಂದವರಿಗೆ ಊರಿನ ಡಾಕ್ಟರು ಮೊದಲು ಸೊಂಟಕ್ಕೊಂದು ಸೂಜಿ ಚುಚ್ಚಿ ಕಳಿಸುತ್ತಿದ್ದರು. ಸೂಜಿ ತೂರಿದ ಪೃಷ್ಠದ ಸ್ನಾಯುವಿನಿಂದಲೂ ಅದೇ ಕಿಣ್ವ ರಕ್ತಕ್ಕೆ ಬರುತ್ತಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಕಿಣ್ವ ಏರಿದ್ದನ್ನು ನೋಡಿ, ಇದು ಹೃದಯದ್ದೋ ಸೂಜಿಯದ್ದೋ ಎಂದು ತಲೆ ಕೆರೆದುಕೊಳ್ಳಬೇಕಿತ್ತು. ಆಮೇಲೆ ಎಂಬಿ ಎಂಬ ಅದರ ಒಂದು ರೂಪ ಹೃದಯದಲ್ಲಿ ಹೆಚ್ಚು ಎಂದು ತಿಳಿದು, ಸಿಕೆ-ಎಂಬಿ ಪರೀಕ್ಷೆ 1970ರ ದಶಕದಿಂದ ಸುಮಾರು ಕಾಲು ಶತಮಾನ ಗಾದಿಯ ಮೇಲೆ ಕೂತಿತು. ಅದೂ ಕೈಕಾಲಿನ ಸ್ನಾಯುವಿನಲ್ಲಿ ಅಲ್ಪಸ್ವಲ್ಪ ಇದೆ, ಜೊತೆಗೆ ಎರಡು ಮೂರು ದಿನಕ್ಕೆ ರಕ್ತದಿಂದ ಮಾಯವಾಗುತ್ತದೆ. ಮಯೋಗ್ಲೋಬಿನ್ ಬೇಗ ಬಂದರೂ ಜಾರಿ ಬಿದ್ದು ಮೀನಖಂಡ ಜಜ್ಜಿಸಿಕೊಂಡವರಲ್ಲೂ ಬರುತ್ತದೆ. ಕೊಬ್ಬಿನಾಮ್ಲ ಹೊರುವ ಪ್ರೋಟೀನನ್ನು ಹೃದಯದ ಕುರುಹಾಗಿ 1988ರಲ್ಲಿ ಮುಂದಿಟ್ಟವರು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟಿನ ಯಾನ್ ಗ್ಲಾಟ್ಸ್. ತುಂಬ ಪುಟ್ಟದು, ತುಂಬ ಚುರುಕು, ಆದರೆ ಅದೂ ಹೃದಯಕ್ಕೇ ಮೀಸಲಲ್ಲ.

ಹಾಗಾದರೆ ಟ್ರೋಪೋನಿನ್‌ನಲ್ಲಿ ಅಂಥದ್ದೇನಿದೆ? ಕಾಲಿನ ಸ್ನಾಯುವಿನಲ್ಲೂ ಟ್ರೋಪೋನಿನ್ ಇದೆಯಲ್ಲ! ಇದೆ. ಆದರೆ ಹೃದಯದ ಟ್ರೋಪೋನಿನ್ ಐ ಬೇರೆಯದೇ ವಂಶವಾಹಿಯ ಕೂಸು. ಅದರ ಮುಂಭಾಗದಲ್ಲಿ ಸುಮಾರು 30 ಅಮೈನೋ ಆಮ್ಲಗಳ ಒಂದು ತುಂಡು ಹೆಚ್ಚಾಗಿದೆ. ಕೈಕಾಲಿನ ಸ್ನಾಯುವಿನ ಟ್ರೋಪೋನಿನ್‌ನಲ್ಲಿ ಅದಿಲ್ಲ. ಟಿ ಕೂಡ ಹೃದಯದಲ್ಲಿ ಬೇರೆ ರೂಪದ್ದು. ಸಿ ಮಾತ್ರ ಹೃದಯದಲ್ಲೂ ಕೈಕಾಲಿನ ನಿಧಾನಗತಿಯ ಸ್ನಾಯುವಿನಲ್ಲೂ ಒಂದೇ, ಆದ್ದರಿಂದ ಅದು ಕುರುಹಾಗಿ ಕೆಲಸಕ್ಕೆ ಬಾರದು. 1987ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪೀಟರ್ ಕಮಿನ್ಸ್ ತಂಡ ಹೃದಯದ ಟ್ರೋಪೋನಿನ್ ಐ ಅಳೆದು ತೋರಿಸಿತು. 1989ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಹ್ಯೂಗೋ ಕಾಟಸ್ ಟ್ರೋಪೋನಿನ್ ಟಿ ಪರೀಕ್ಷೆ ತಂದರು. ಅಮೆರಿಕದ ಸೇಂಟ್ ಲೂಯಿಯಲ್ಲಿ ಜ್ಯಾಕ್ ಲೇಡನ್‌ಸನ್ ತಂಡ ಟ್ರೋಪೋನಿನ್ ಐ ಅನ್ನು ಗುರುತಿಸಿ ಹಿಡಿಯುವ ಒಳ್ಳೆಯ ಪ್ರತಿಕಾಯಗಳನ್ನು ತಯಾರಿಸಿತು. ಕಾಟಸ್ ಅವರ ಮೊದಲ ಪೀಳಿಗೆಯ ಪರೀಕ್ಷೆಯಲ್ಲಿ ಒಂದು ಪ್ರತಿಕಾಯ ಕೈಕಾಲಿನ ಸ್ನಾಯುವಿನ ಟಿಯನ್ನೂ ಅಷ್ಟಿಷ್ಟು ಹಿಡಿಯುತ್ತಿತ್ತು. ಎರಡನೆಯ ಪೀಳಿಗೆಯಲ್ಲಿ ಅದನ್ನು ಬದಲಿಸಿದರು. ಇವತ್ತಿಗೂ ಕೈಕಾಲಿನ ಸ್ನಾಯುಗಳ ಕೆಲವು ರೋಗಗಳಲ್ಲಿ ಟಿ ಏರಿ ಐ ಸುಮ್ಮನಿರುವುದುಂಟು. ಎರಡೂ ಒಂದೇ ಎಂದು ಹೇಳುವವರಿಗೆ ಇಷ್ಟು ನೆನಪಿರಲಿ.

2000ದಲ್ಲಿ ಯುರೋಪಿನ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಕೂತು ಹೃದಯಾಘಾತದ ವ್ಯಾಖ್ಯೆಯನ್ನೇ ಬದಲಿಸಿ ಟ್ರೋಪೋನಿನ್ ಅನ್ನು ನಡುಮನೆಗೆ ತಂದವು. ಆ ವ್ಯಾಖ್ಯೆಯ ನಾಲ್ಕನೆಯ ಆವೃತ್ತಿ 2018ರದ್ದು.

ಇಷ್ಟರವರೆಗೆ ಕಥೆ ನೇರ. ತೊಡಕು ಶುರುವಾಗುವುದು ಪರೀಕ್ಷೆ ಸೂಕ್ಷ್ಮವಾದ ಮೇಲೆ. ಇಂದಿನ ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಟಿಯ ಪ್ರಚಲಿತ ಮಿತಿ ಲೀಟರಿಗೆ 14 ನ್ಯಾನೋಗ್ರಾಂ. ಒಂದು ಗ್ರಾಂ ಎಂದರೆ 100 ಕೋಟಿ ನ್ಯಾನೋಗ್ರಾಂ. ಅಂದರೆ ಒಂದು ಲೀಟರ್ ದ್ರವದಲ್ಲಿ ಗ್ರಾಮಿನ 100 ಕೋಟಿ ಭಾಗಗಳಲ್ಲಿ 14 ಭಾಗ. ಸ್ಕ್ಯಾನಿನಲ್ಲಿ ಕಾಣದಷ್ಟು ಚಿಕ್ಕ ಗಾಯವನ್ನೂ ಇದು ಹಿಡಿಯುತ್ತದೆ. ಹಾಗಾದರೆ ಈ 14 ಎಂಬ ಗೆರೆ ಎಲ್ಲಿಂದ ಬಂತು? ಆರೋಗ್ಯವಂತರೆಂದು ಆರಿಸಿಕೊಂಡ ದೊಡ್ಡ ಗುಂಪಿನ ರಕ್ತ ಪರೀಕ್ಷಿಸಿ, ನೂರರಲ್ಲಿ 99 ಜನರ ಮಟ್ಟ ಯಾವುದರ ಒಳಗಿದೆಯೋ ಅಲ್ಲಿ ಗೆರೆ ಎಳೆದರು. ಅಂದರೆ ವ್ಯಾಖ್ಯೆಯ ಪ್ರಕಾರವೇ ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರು ಗೆರೆಯಾಚೆಗಿರುತ್ತಾರೆ. ಏನೂ ತೊಂದರೆಯಿಲ್ಲದ ಸಾವಿರ ಜನರಿಗೆ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಇದನ್ನು ಸೇರಿಸಿದರೆ ಹತ್ತು ಜನರ ನಿದ್ದೆ ಹಾಳಾಗುವುದು ಗ್ಯಾರಂಟಿ. ಮಟ್ಟ ಸ್ವಲ್ಪ ಹೆಚ್ಚಿರುವವರಿಗೆ ಮುಂದಿನ ವರ್ಷಗಳಲ್ಲಿ ಹೃದ್ರೋಗದ ಅಪಾಯ ಹೆಚ್ಚು ಎಂದು ದೊಡ್ಡ ಸಮೀಕ್ಷೆಗಳು ತೋರಿಸಿವೆ, ನಿಜ. ಆದರೆ ಅಂಥ ಒಬ್ಬರು ಎದುರಿಗೆ ಕೂತಾಗ ಬಿಪಿ, ಸಕ್ಕರೆ, ಬೀಡಿ, ಕೊಲೆಸ್ಟರಾಲ್ ಬಗ್ಗೆ ಹೇಳುವ ಮಾತನ್ನು ಬಿಟ್ಟು ಬೇರೆ ಏನನ್ನು ಹೇಳಲು ಆ ಅಂಕಿ ನೆರವಾಗುತ್ತದೆ? ಆ ಮಾತನ್ನು ಅಂಕಿಯಿಲ್ಲದೆಯೂ ಹೇಳಬಹುದು, ದುಡ್ಡೂ ಉಳಿಯುತ್ತದೆ.

ಗಂಡಸರ ಹೃದಯಸ್ನಾಯುವಿನ ತೂಕ ಹೆಚ್ಚು, ಸೋರುವುದೂ ಹೆಚ್ಚು. ಹಾಗಾಗಿ ಟ್ರೋಪೋನಿನ್ ಐ ಪರೀಕ್ಷೆಯೊಂದರಲ್ಲಿ ಗಂಡಸರ ಮಿತಿ 34, ಹೆಂಗಸರದ್ದು 16. ಎಲ್ಲರಿಗೂ ಒಂದೇ ಗೆರೆ ಎಳೆದಿದ್ದ ಕಾಲದಲ್ಲಿ ಮಟ್ಟ 20ರ ಆಸುಪಾಸಿನಲ್ಲಿದ್ದ ಎಷ್ಟು ಹೆಂಗಸರು ‘ಏನಿಲ್ಲಮ್ಮ, ಟೆನ್ಷನ್ನು’ ಎಂಬ ಮಾತು ಕೇಳಿ ಮನೆಗೆ ಹೋದರೋ.

ಈ ಪರೀಕ್ಷೆಯಲ್ಲಿ ಒಂದು ಅಂಕಿಗೆ ಬೆಲೆ ಕಡಿಮೆ, ಎರಡು ಅಂಕಿಗಳ ನಡುವಿನ ಅಂತರಕ್ಕೆ ಬೆಲೆ ಹೆಚ್ಚು. ಎದೆನೋವಿನಿಂದ ಬಂದವರ ರಕ್ತವನ್ನು ಬಂದ ಕೂಡಲೇ ಒಮ್ಮೆ, ಒಂದು ಗಂಟೆ ಅಥವಾ ಮೂರು ಗಂಟೆ ಬಿಟ್ಟು ಇನ್ನೊಮ್ಮೆ ತೆಗೆಯುವುದು ಇದಕ್ಕೇ. 40 ಇದ್ದದ್ದು 42 ಆದರೆ ಅದು ಹಳೆಯ ಕಾಯಿಲೆಯ ನೆರಳು. 12 ಇದ್ದದ್ದು 60 ಆದರೆ ಈಗ ಏನೋ ನಡೆಯುತ್ತಿದೆ. ‘ಒಂದು ಸಲ ತೆಗೆದಿರಲ್ಲ, ಮತ್ತೆ ಯಾಕೆ ಚುಚ್ಚುತ್ತೀರಿ, ಬಿಲ್ ಏರಿಸೋಕಾ?’ ಎಂದು ರೋಗಿಯ ಕಡೆಯವರು ರೇಗುವುದನ್ನು ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದ ಯಾರೂ ಮರೆಯಲಾರರು. ಆಗ ಎರಡು ನಿಮಿಷ ನಿಂತು ಕಾರಣ ಹೇಳುವುದೂ ಚಿಕಿತ್ಸೆಯ ಭಾಗವೇ.

ಇನ್ನು ತಾಲ್ಲೂಕು ಆಸ್ಪತ್ರೆಗೆ ಬನ್ನಿ. ಅಲ್ಲಿ ದೊಡ್ಡ ಯಂತ್ರ ಇರುವುದಿಲ್ಲ, ಕಾರ್ಡ್ ಟೆಸ್ಟ್ ಇರುತ್ತದೆ. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ, ಒಂದು ತುದಿಯಲ್ಲಿ ಪುಟ್ಟ ಗುಳಿ. ಎರಡು ಮೂರು ಹನಿ ಹಾಕಿದರೆ ಕೆಂಪು ಬಣ್ಣ ಕಾಗದದ ಮೇಲೆ ತೆವಳುತ್ತ ಹೋಗುತ್ತದೆ. ಹದಿನೈದು ನಿಮಿಷದಲ್ಲಿ ಒಂದು ಗೆರೆ ಮೂಡಿದರೆ ನೆಗೆಟಿವ್, ಎರಡು ಮೂಡಿದರೆ ಪಾಸಿಟಿವ್. ಎರಡನೆಯ ಗೆರೆ ಮಬ್ಬಾಗಿ ಮೂಡಿದಾಗ ಟೆಕ್ನಿಷಿಯನ್ನು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ವಾಲಿಸಿ, ಸಿಸ್ಟರನ್ನು ಕರೆದು, ‘ಕಾಣ್ತಾ ಇದೆಯಾ ಮೇಡಂ?’ ಎಂದು ಕೇಳುತ್ತಾನೆ. ಮಬ್ಬು ಗೆರೆಯೂ ಗೆರೆಯೇ ಎಂದು ಡಬ್ಬಿಯೊಳಗಿನ ಚೀಟಿ ಹೇಳುತ್ತದೆ. ಆದರೆ ಇಂಥ ಅನೇಕ ಕಾರ್ಡುಗಳಲ್ಲಿ ಗೆರೆ ಮೂಡುವುದು ಮಟ್ಟ ಮಿಲಿಲೀಟರಿಗೆ 0.5 ನ್ಯಾನೋಗ್ರಾಂ ದಾಟಿದ ಮೇಲೆ. ಲೀಟರಿನ ಲೆಕ್ಕಕ್ಕೆ ತಂದರೆ ಅದು 500. ಒಂದು ಪರೀಕ್ಷೆಯ ಅಂಕಿಯನ್ನು ಇನ್ನೊಂದರ ಪಕ್ಕ ನೇರವಾಗಿ ಇಟ್ಟು ಹೋಲಿಸುವಂತಿಲ್ಲ, ಆದರೂ 500 ಎಲ್ಲಿ, 16 ಎಲ್ಲಿ! ನೋವು ಶುರುವಾಗಿ ಎರಡು ಗಂಟೆಯೂ ಆಗದವರಲ್ಲಿ ಕಾರ್ಡು ನೆಗೆಟಿವ್ ಬಂದರೆ ಅದಕ್ಕೆ ಅರ್ಥವೇ ಇಲ್ಲ. ಮಿಲಿಲೀಟರು, ಲೀಟರುಗಳ ಈ ಗೊಂದಲವೂ ಸಣ್ಣದಲ್ಲ. ಒಂದು ಲ್ಯಾಬಿನ ರಿಪೋರ್ಟಿನಲ್ಲಿ 0.014, ಇನ್ನೊಂದರಲ್ಲಿ 14 ಎಂದಿದ್ದರೆ ಎರಡೂ ಒಂದೇ. ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡ ಮನೆಯವರಿಗೆ ಮಾತ್ರ ಒಂದೇ ರಾತ್ರಿಯಲ್ಲಿ ಸಾವಿರ ಪಟ್ಟು ಏರಿದಂತೆ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಇಸಿಜಿಯಲ್ಲಿ ಎಸ್‌ಟಿ ಎಂಬ ಭಾಗದ ಗೆರೆ ಎದ್ದು ನಿಂತಿದ್ದರೆ ಟ್ರೋಪೋನಿನ್‌ಗೆ ಕಾಯಲೇಬಾರದು. ಸ್ನಾಯು ಸತ್ತ ಮೇಲಷ್ಟೇ ಬರುವ ಸಾಕ್ಷಿಗಾಗಿ ಸಾಯುತ್ತಿರುವ ಸ್ನಾಯುವನ್ನು ಕಾಯಿಸುವುದೇ? ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ಅಧ್ಯಯನದಲ್ಲಿ ದೇಶದ 89 ಆಸ್ಪತ್ರೆಗಳ 20,000ಕ್ಕೂ ಹೆಚ್ಚು ರೋಗಿಗಳಿದ್ದರು. ಅವರಲ್ಲಿ ಶೇ. 60ರಷ್ಟು ಮಂದಿಯದು ಎಸ್‌ಟಿ ಎದ್ದ ಹೃದಯಾಘಾತ. ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಾಂಕ ಅವಧಿ 360 ನಿಮಿಷ, ಆರು ಗಂಟೆ. ನಮ್ಮ ಸಮಸ್ಯೆ ಲ್ಯಾಬಿನದ್ದಲ್ಲ, ದಾರಿಯದ್ದು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ಕೇಂದ್ರಕ್ಕೆ ಕಳಿಸಿ ಓದಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ಅಲ್ಲಿ ಪ್ರೋಟೀನಿಗಾಗಿ ಯಾರೂ ಕಾಯುವುದಿಲ್ಲ.

ಟ್ರೋಪೋನಿನ್ ಏರಿದ್ದೆಲ್ಲ ಹೃದಯಾಘಾತವೇ? ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ನಲ್ಲಿರುವವರಲ್ಲಿ ಅದು ವರ್ಷಪೂರ್ತಿ ಎತ್ತರದಲ್ಲಿರುತ್ತದೆ. ನಂಜೇರಿದ ಸೋಂಕು, ಶ್ವಾಸಕೋಶದ ನಾಳಕ್ಕೆ ಸಿಕ್ಕಿದ ಹೆಪ್ಪು, ವೈರಸ್ಸಿನಿಂದ ಉರಿಗೊಂಡ ಹೃದಯಸ್ನಾಯು, ಅತಿ ವೇಗದ ಬಡಿತ, ಎಲ್ಲದರಲ್ಲೂ ಏರುತ್ತದೆ. ಮ್ಯಾರಥಾನ್ ಓಡಿ ಬಂದ ಗಟ್ಟಿಮುಟ್ಟಾದವರಲ್ಲೂ ಏರಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೆಲವು ಕ್ಯಾನ್ಸರ್ ಔಷಧಗಳು ಹೃದಯವನ್ನು ಕೆಡಿಸುತ್ತವೆ. ಎಕೋದಲ್ಲಿ ಕಾಣುವ ಮೊದಲೇ ಟ್ರೋಪೋನಿನ್ ಅದನ್ನು ಹೇಳಬಲ್ಲದು ಎಂದು ಮಿಲಾನಿನ ಡೇನಿಯೆಲಾ ಕಾರ್ಡಿನಾಲೆ 2004ರಲ್ಲಿ 703 ರೋಗಿಗಳಲ್ಲಿ ತೋರಿಸಿದರು. ಇದು ನನಗೆ ಬಹಳ ಹಿಡಿಸಿದ ಬಳಕೆ. ಅಲ್ಲಿ ಪೆಟ್ಟು ಕೊಟ್ಟವರು ಯಾರೆಂದು ಮೊದಲೇ ಗೊತ್ತು, ಪ್ರೋಟೀನು ಪೆಟ್ಟಿನ ಅಳತೆ ಹೇಳಿದರೆ ಸಾಕು. 2018ರ ವ್ಯಾಖ್ಯೆ ಹೃದಯಸ್ನಾಯುವಿನ ಗಾಯವನ್ನು ಹೃದಯಾಘಾತದಿಂದ ಬೇರ್ಪಡಿಸಿದ್ದೂ ಈ ಗೋಜಲನ್ನು ಬಿಡಿಸಲೆಂದೇ. ಅಂಕಿಯ ಜೊತೆಗೆ ನೋವು, ಇಸಿಜಿ ಬದಲಾವಣೆ ಅಥವಾ ಸ್ಕ್ಯಾನಿನ ಪುರಾವೆ ಇದ್ದರೆ ಮಾತ್ರ ಆಘಾತ ಎನ್ನಬೇಕು.

ಪರೀಕ್ಷೆ ಸೂಕ್ಷ್ಮವಾದರೆ ಜನ ಹೆಚ್ಚು ಬದುಕುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು. ಸ್ಕಾಟ್ಲೆಂಡಿನ 10 ಆಸ್ಪತ್ರೆಗಳಲ್ಲಿ ನಿಕೋಲಸ್ ಮಿಲ್ಸ್ ತಂಡ 48,282 ರೋಗಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಗೆ ತಣ್ಣೀರೆರಚಿತು. ಹಳೆಯ ಪರೀಕ್ಷೆ ಬಿಟ್ಟುಬಿಟ್ಟಿದ್ದ 1,771 ಮಂದಿಯನ್ನು ಹೊಸದು ಹಿಡಿಯಿತು. ಆದರೆ ಒಂದು ವರ್ಷದೊಳಗೆ ಅವರಲ್ಲಿ ಹೃದಯಾಘಾತವಾಗಲಿ ಹೃದ್ರೋಗದ ಸಾವಾಗಲಿ ಕಡಿಮೆಯಾಗಲಿಲ್ಲ. ಹೊಸದಾಗಿ ಸಿಕ್ಕವರಲ್ಲಿ ಸುಮಾರು ಮೂರನೆಯ ಒಂದು ಪಾಲಿನವರದ್ದು ಮಾತ್ರ ನಾಳ ಕಟ್ಟಿದ ಹೃದಯಾಘಾತ. ಉಳಿದವರಿಗೆ ಗಾಯವಾದದ್ದು ಬೇರೆ ಕಾರಣಗಳಿಂದ. ಗಾಯ ಸಿಕ್ಕಿತು, ಮದ್ದು ಸಿಗಲಿಲ್ಲ.

ಯಂತ್ರಕ್ಕೂ ಮೋಸವಾಗುತ್ತದೆ. ಕೆಲವು ಪರೀಕ್ಷೆಗಳಲ್ಲಿ ಪ್ರತಿಕಾಯವನ್ನು ಹಿಡಿದು ನಿಲ್ಲಿಸಲು ಬಯೋಟಿನ್ ಎಂಬ ವಿಟಮಿನ್ನನ್ನು ಕೊಕ್ಕೆಯಂತೆ ಬಳಸುತ್ತಾರೆ. ಕೂದಲು ಉದುರುತ್ತದೆ ಎಂದು ಮೆಡಿಕಲ್ ಶಾಪಿನಲ್ಲಿ ಕೊಂಡು ನುಂಗುವ ಮಾತ್ರೆಯಲ್ಲಿ ಅದೇ ಬಯೋಟಿನ್, ದಿನಕ್ಕೆ ಬೇಕಾದುದಕ್ಕಿಂತ ನೂರಾರು ಪಟ್ಟು. ರಕ್ತದಲ್ಲಿ ತುಂಬಿಕೊಂಡ ಬಯೋಟಿನ್ ಕೊಕ್ಕೆಯ ಜಾಗಗಳನ್ನೆಲ್ಲ ಆಕ್ರಮಿಸಿದರೆ ಟ್ರೋಪೋನಿನ್ ಇದ್ದೂ ಇಲ್ಲದಂತೆ ಅಂಕಿ ಬರುತ್ತದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹೀಗೆ ಸುಳ್ಳು ಅಂಕಿ ಬಂದ ರೋಗಿಯೊಬ್ಬರು ಸತ್ತ ವರದಿಯೂ ಅದರಲ್ಲಿತ್ತು. ಆಮೇಲೆ ಕಂಪನಿಗಳು ಕಿಟ್‌ಗಳನ್ನು ತಿದ್ದಿಕೊಂಡಿವೆ. ಆದರೂ ‘ಯಾವ ಮಾತ್ರೆ ತಗೋತೀರಿ?’ ಎಂದು ಕೇಳಿದಾಗ ಕೂದಲ ಮಾತ್ರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ರಕ್ತದಲ್ಲಿ ಅಳೆಯುವ ಹೃದಯದ ಇನ್ನೊಂದು ಕುರುಹಾದ ಬಿಎನ್‌ಪಿಯ ಬಗ್ಗೆ ಎರಡೇ ಮಾತು. 1988ರಲ್ಲಿ ಜಪಾನೀಯರು ಅದನ್ನು ಹಂದಿಯ ಮಿದುಳಿನಲ್ಲಿ ಕಂಡರು. ಅದು ಹೆಚ್ಚಾಗಿ ತಯಾರಾಗುವುದು ಹೃದಯದಲ್ಲಿ ಎಂದು ಬಳಿಕ ತಿಳಿಯಿತು. ಗೋಡೆ ಹಿಗ್ಗಿದಾಗ ಹೃದಯಸ್ನಾಯುವೇ ಬೇಕೆಂದು ಹೊರಗೆ ಕಳಿಸುವ ಹಾರ್ಮೋನು ಅದು, ಗಾಯದ ಸೋರಿಕೆಯಲ್ಲ. ಉಸಿರುಗಟ್ಟಿ ಬಂದವರ ತೊಂದರೆ ಶ್ವಾಸಕೋಶದ್ದೋ ಹೃದಯ ಸೋತದ್ದೋ ಎಂದು ಬೇರ್ಪಡಿಸಲು ಅದು ಚೆನ್ನ. ಅದರ ವಿಸ್ತಾರಕ್ಕೆ ಇನ್ನೊಂದು ಉಪನ್ಯಾಸವೇ ಬೇಕು.

ಕೊನೆಯದಾಗಿ, ಟ್ರೋಪೋನಿನ್ ಪಕ್ಕದಲ್ಲಿ ಬಂದು ನಿಂತಿರುವ ಹೊಸ ಅಭ್ಯರ್ಥಿ. ಹೆಸರು ಉದ್ದ: ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ. ದಪ್ಪ ಎಳೆಯ ಮೇಲೆ ಪಟ್ಟೆ ಪಟ್ಟೆಯಾಗಿ ಕೂತು ಮಯೋಸಿನ್‌ನ ಹುರುಪನ್ನು ಹದದಲ್ಲಿಡುವ ಪ್ರೋಟೀನು ಇದು. ಹೃದಯದ್ದು ಹೃದಯಕ್ಕೇ ಮೀಸಲು, ಪ್ರಮಾಣದಲ್ಲಿ ಟ್ರೋಪೋನಿನ್‌ಗಿಂತ ಹೆಚ್ಚು, ಆಘಾತವಾದಾಗ ತುಂಡಾಗಿ ಬೇಗ ರಕ್ತಕ್ಕೆ ಬರುತ್ತದೆ. ಅಮೆರಿಕದಲ್ಲಿ ಶಕ್ತಿವೇಲ್ ಸದಯಪ್ಪನ್, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಮೈಕೆಲ್ ಮಾರ್ಬರ್ ಇದರ ಬೆನ್ನು ಹತ್ತಿದರು. 2017ರಲ್ಲಿ ಸುಮಾರು 2,000 ಎದೆನೋವಿನ ರೋಗಿಗಳ ಮೇಲೆ ಲಂಡನ್ ಮತ್ತು ಬಾಸೆಲ್ ತಂಡಗಳು ಪ್ರಕಟಿಸಿದ ಫಲಿತಾಂಶದಲ್ಲಿ ಅದು ಹೈ ಸೆನ್ಸಿಟಿವಿಟಿ ಟ್ರೋಪೋನಿನ್‌ಗೆ ಸರಿಸಾಟಿಯಾಗಿ ನಿಂತಿತು. ನೋವು ಶುರುವಾದ ಕೂಡಲೇ ಬಂದವರಲ್ಲಿ ತುಸು ಮೇಲುಗೈಯನ್ನೂ ತೋರಿಸಿತು.

ಇದನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣ ಬೇರೆ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್, ಅವರೊಂದಿಗೆ ಪೆರುಂದುರೈ ಧಂಡಪಾಣಿ ಮತ್ತು ಸಂಗಡಿಗರು ಈ ಪ್ರೋಟೀನಿನ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋದ ಒಂದು ರೂಪವನ್ನು ವಿವರಿಸಿದರು. ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ. 4 ಮಂದಿ ಅದನ್ನು ಹೊತ್ತಿದ್ದಾರೆ. ಅಂದರೆ ಈ ಸಭಾಂಗಣದಲ್ಲಿ ನೂರು ಜನರಿದ್ದರೆ ನಾಲ್ವರ ಆಸುಪಾಸು. ಅವರಲ್ಲಿ ಹೃದಯಸ್ನಾಯು ರೋಗದ ಅಪಾಯ ಸುಮಾರು 7 ಪಟ್ಟು ಹೆಚ್ಚು ಎಂದು ಆ ಅಧ್ಯಯನ ಲೆಕ್ಕ ಹಾಕಿತು. ಧಂಡಪಾಣಿ ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. ಹೊತ್ತವರೆಲ್ಲರೂ ರೋಗಿಗಳಲ್ಲ, ಹೆಚ್ಚಿನವರು ಏನೂ ಗೊತ್ತಿಲ್ಲದೆ ಬದುಕು ಮುಗಿಸುತ್ತಾರೆ. ಅಮೆರಿಕದಲ್ಲಿರುವ ದಕ್ಷಿಣ ಏಷ್ಯಾ ಮೂಲದವರ ಮೇಲೆ 2018ರಲ್ಲಿ ಬಂದ ಅಧ್ಯಯನ, ಈ ಬಿಟ್ಟುಹೋದ ತುಂಡಿನ ಜೊತೆಗೆ ಅದೇ ವಂಶವಾಹಿಯಲ್ಲಿ ಇನ್ನೊಂದು ಬದಲಾವಣೆಯನ್ನೂ ಹೊತ್ತ ಕೆಲವರಲ್ಲಿ ಹೃದಯ ಅಳತೆ ಮೀರಿ ಬಿಗಿಯಾಗಿ ಕುಗ್ಗುತ್ತದೆ ಎಂದು ತೋರಿಸಿತು.

ಆದರೆ ಒಂದು ಪ್ರಶ್ನೆ ನಮ್ಮವರಿಗೇ ಮೀಸಲಾದದ್ದು. ಕುರುಹಾಗಿ ಅಳೆಯಲು ಹೊರಟಿರುವ ಪ್ರೋಟೀನು, ಅದರ ವಂಶವಾಹಿಯಲ್ಲಿ ತುಂಡು ಬಿಟ್ಟುಹೋದ ಆರೋಗ್ಯವಂತರ ರಕ್ತದಲ್ಲಿ ಎದೆನೋವಿಲ್ಲದ ದಿನ ಎಷ್ಟಿರುತ್ತದೆ? ಅದು ಉಳಿದವರಿಗಿಂತ ಬೇರೆಯಾಗಿದ್ದರೆ ಲಂಡನ್ನಿನಲ್ಲೋ ಬಾಸೆಲ್‌ನಲ್ಲೋ ಎಳೆದ ಗೆರೆಯನ್ನು ಹಾಸನದ ಕ್ಯಾಶುವಾಲ್ಟಿಗೆ ಹಾಗೆಯೇ ತರಲಾಗದು. ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಊರೂರಿನ ಆರೋಗ್ಯವಂತ ಗಂಡಸರು, ಹೆಂಗಸರು ಬೇಕು, ವಯಸ್ಸಿನ ಪ್ರತಿ ದಶಕದಿಂದಲೂ. ಒಬ್ಬೊಬ್ಬರಿಂದ ಒಂದು ಟ್ಯೂಬ್ ಪ್ರೋಟೀನಿಗೆ, ಒಂದು ಟ್ಯೂಬ್ ಡಿಎನ್‌ಎಗೆ, ಜೊತೆಗೊಂದು ಇಸಿಜಿ, ಒಂದು ಎಕೋ. ರಕ್ತವನ್ನು ಮೈನಸ್ 80 ಡಿಗ್ರಿಯಲ್ಲಿಡುವ ಫ್ರೀಜರ್ ಬೇಕು, ಅದಕ್ಕೆ ಕರೆಂಟ್ ಹೋಗದಂತೆ ನೋಡಿಕೊಳ್ಳುವ ಒಬ್ಬರು ಬೇಕು. ರಾಜ್ಯದ ವೈದ್ಯಕೀಯ ಕಾಲೇಜುಗಳ ಜೀವರಸಾಯನ ವಿಭಾಗಗಳು ಸೇರಿಕೊಂಡರೆ ಎರಡು ವರ್ಷದ ಕೆಲಸ. ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಭೆ ಮುಗಿದ ಮೇಲೆ ಬಂದು ನನ್ನನ್ನು ಕಾಣಲಿ.